30 ಸಾವಿರ ಹಿಟ್ಸ್ ಅಂದ್ರೆ 30 ಸಾವಿರ ಜನ ಅಲ್ಲ!

ಇವತ್ತು ನಮ್ಮಕ್ಕನ ವಿಷಯದಿಂದಲೇ ಶುರು ಮಾಡ್ತೀನಿ. ಅಕ್ಕ ದಾವಣಗೆರೆಯಲ್ಲಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಾಳೆ. ಒಂದು ವೆಬ್‌ಸೈಟ್‌ನವರು ಫೋನ್ ಮಾಡಿ, ‘ನಮಗೆ ತಿಂಗಳಿಗೆ 30 ಸಾವಿರ ಹಿಟ್ಸ್ ಇದೆ, ಜಾಹೀರಾತು ಕೊಡಿ’ ಅಂದರಂತೆ. ಹಬ್ಬದ ಸಾಮಾನಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಕೊಡೋಕೆ ಹೊರಟಿದ್ದಳು. ‘ಅಕ್ಕಾ, ಸ್ವಲ್ಪ ತಡಿ’ ಅಂದೆ.

ಹಿಟ್ ಅಂದ್ರೆ ಏನು? ನೀವು ಒಂದು ಪೇಜ್ ತೆರೆದಾಗ ನಿಮ್ಮ ಫೋನು ಸರ್ವರ್‌ನಿಂದ ಹತ್ತಾರು ಫೈಲ್ ತರಿಸಿಕೊಳ್ಳುತ್ತೆ. ಫೋಟೋ, ಲೋಗೋ, ಅಕ್ಷರದ ಫಾಂಟ್, ಹೀಗೆ ಒಂದೊಂದೂ ಒಂದು ಹಿಟ್. ಪೇಜಿನಲ್ಲಿ 30 ಫೈಲ್ ಇದ್ದರೆ, 30 ಸಾವಿರ ಹಿಟ್ಸ್ ಅಂದ್ರೆ ಬರೀ ಸಾವಿರ ಪೇಜ್ ವ್ಯೂ!

ಹಾಗಂತ ಪೇಜ್ ವ್ಯೂ ಕೂಡ ತಲೆ ಎಣಿಕೆ ಅಲ್ಲ. ಮ್ಯಾಚ್ ಸ್ಕೋರ್ ನೋಡೋಕೆ ನೀವು ಹತ್ತು ಸಲ ರಿಫ್ರೆಶ್ ಮಾಡಿದ್ರೆ ಹತ್ತು ವ್ಯೂ. ನೋಡಿದವರು ಮಾತ್ರ ಒಬ್ಬರೇ.

ಮುಂದಿನದು ಸೆಷನ್, ಅಂದ್ರೆ ಒಂದು ಭೇಟಿ. ಗೂಗಲ್ ಅನಲಿಟಿಕ್ಸ್‌ನಲ್ಲಿ ನೀವು 30 ನಿಮಿಷ ಏನೂ ಮಾಡದಿದ್ರೆ ಸೆಷನ್ ಮುಗಿಯುತ್ತೆ. ಸೆಟ್ಟಿಂಗ್ ಬದಲಾಯಿಸದಿದ್ರೆ ಲೆಕ್ಕ ಇದೇ. ಊಟ ಮುಗಿಸಿ ಮತ್ತೆ ಬಂದ್ರೆ ಅದು ಎರಡನೇ ಸೆಷನ್.

ಜನರ ಲೆಕ್ಕಕ್ಕೆ ಹತ್ತಿರ ಇರೋದು ‘ಯೂಸರ್ಸ್’. ಅದೂ ಪೂರ್ತಿ ನಿಖರ ಅಲ್ಲ. ಸಾಮಾನ್ಯವಾಗಿ ಬ್ರೌಸರ್‌ನಲ್ಲಿರುವ ಕುಕೀ ನೋಡಿ ಗುರುತು ಹಿಡಿಯುತ್ತೆ. ಲಾಗಿನ್ ಆಗದೆ ಫೋನ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ನೋಡಿದ್ರೆ ನೀವು ಇಬ್ಬರಾಗಬಹುದು. ಮನೆಮಂದಿಯೆಲ್ಲ ಒಂದೇ ಫೋನ್‌ನಲ್ಲಿ ನೋಡಿದ್ರೆ ಎಲ್ಲರೂ ಸೇರಿ ಒಬ್ಬರು! ಇನ್ನು ಸರ್ವರ್ ಲಾಗ್‌ನಲ್ಲಿ ಗೂಗಲ್‌ಬಾಟ್ ಥರದ ಯಂತ್ರಗಳ ಭೇಟಿಯೂ ಸೇರಿಕೊಳ್ಳುತ್ತೆ. ಯಂತ್ರ ಚಕ್ಕುಲಿ ಕೊಳ್ಳಲ್ಲವಲ್ಲ!

ಅದಕ್ಕೇ ಅಕ್ಕನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ತಿಂಗಳಿಗೆ ಯೂಸರ್ಸ್ ಎಷ್ಟು? ‘ಎಂಗೇಜ್ಡ್ ಸೆಷನ್’ ಎಷ್ಟು? ಅಂದ್ರೆ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದ, ಇಲ್ಲವೇ ಎರಡು ಪೇಜಾದರೂ ನೋಡಿದ, ಇಲ್ಲವೇ ಸೈಟಿನವರು ಮುಖ್ಯ ಅಂತ ಗುರುತಿಸಿದ ಕೆಲಸ ಮಾಡಿದ ಭೇಟಿ. ಮೂರನೆಯದು, ಅವರಲ್ಲಿ ದಾವಣಗೆರೆಯವರು ಎಷ್ಟು? ಊರಿನ ಲೆಕ್ಕ ಅಂದಾಜಿನದ್ದೇ, ಆದ್ರೂ ಕೇಳಲೇಬೇಕು. ಅಕ್ಕ ಡೆಲಿವರಿ ಕೊಡೋದು ಊರೊಳಗೆ ಮಾತ್ರ ತಾನೇ?

ಪ್ರಶ್ನೆ ಕಳಿಸಿ ಎರಡು ವಾರ ಆಯ್ತು, ಉತ್ತರ ಇಲ್ಲ. ದುಡ್ಡು ಡಬ್ಬಿಯಲ್ಲೇ ಇದೆ. ನಿಮಗೂ ಯಾರಾದ್ರೂ ದೊಡ್ಡ ನಂಬರ್ ತೋರಿಸಿದ್ರೆ, ಮೊದಲು ಕೇಳಿ: ಇದು ಯಾವುದರ ಲೆಕ್ಕ? ಮುಂದಿನ ವಾರ ಸಿಗೋಣ.