ಕಾಲೇಜಿನ ಗೆಳತಿಯರು, ಎರಡು ಊರಿನ ವಿಳಾಸ

ಆಳಂದ ತಾಲ್ಲೂಕಿನ ಸರಸಂಬಾ ಕಡೆಯ ಹುಡುಗಿ ಪದವಿ ಓದಬೇಕೆಂದರೆ ಆಳಂದಕ್ಕೋ ಕಲಬುರಗಿಗೋ ಬಸ್ಸು ಹತ್ತಬೇಕು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಅಪ್ಪನ ಮುಂದೆ ಕೈಯೊಡ್ಡದೆ ಊರು ದಾಟುವ ಧೈರ್ಯ ಬಂದಿದೆ. ಆದರೆ ಕಾಲೇಜು ಅವಳಿಗೆ ಅಂಕಪಟ್ಟಿಯನ್ನಷ್ಟೇ ಕೊಟ್ಟು ಕಳಿಸುವುದಿಲ್ಲ. ಜಾತಿ, ಊರು, ಮನೆತನ ಯಾವುದನ್ನೂ ಕೇಳದೆ ಜೊತೆಗೆ ಕೂತು ಬುತ್ತಿ ಬಿಚ್ಚುವ ಗೆಳತಿಯರನ್ನೂ ಕೊಡುತ್ತದೆ. ಈ ಗೆಳೆತನಕ್ಕೆ ಒಂದು ಕೆಲಸ, ಒಂದು ಬಿಲ್ಲೆ, ಒಂದು ದಿನಚರಿ ಸಿಗುವುದು ಬಹುಮಟ್ಟಿಗೆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ. ಎಲ್ಲರ ಬಾಯಲ್ಲೂ ಅದು ಎನ್ನೆಸ್ಸೆಸ್.

ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಇದಕ್ಕೆ ಚಾಲನೆ ಕೊಟ್ಟರು. ರಾವ್ ಅವರು ಆಗ ನಮ್ಮ ಬಳ್ಳಾರಿಯ ಸಂಸದರು ಎಂಬುದನ್ನು ಈ ಭಾಗದವರು ಹೆಮ್ಮೆಯಿಂದ ನೆನೆಯಬೇಕು. ಶುರುವಾದದ್ದು 37 ವಿಶ್ವವಿದ್ಯಾಲಯಗಳಲ್ಲಿ, 40 ಸಾವಿರ ವಿದ್ಯಾರ್ಥಿಗಳಿಂದ. ಸ್ವಯಂಸೇವಕಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ದತ್ತು ಪಡೆದ ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರಕ್ಕೆ ಹೋಗಬೇಕು. ಎದೆಯ ಮೇಲಿನ ಬಿಲ್ಲೆಯಲ್ಲಿ ಕೋನಾರ್ಕದ ರಥಚಕ್ರ. ಅದರ ಎಂಟು ಅರಗಳು ದಿನದ ಎಂಟು ಜಾವದ ಗುರುತು.

ವರ್ಷದ ಕೊನೆಗೆ ಕಾಲೇಜಿನ ಎನ್ನೆಸ್ಸೆಸ್ ಘಟಕದ ವರದಿ ತೆಗೆದು ನೋಡಿದರೆ ಸಾಲುಗಳು ಎಲ್ಲ ಕಡೆ ಒಂದೇ ಥರ ಕಾಣುತ್ತವೆ: ಸಸಿ ನೆಟ್ಟದ್ದು, ರಕ್ತದಾನ, ಮತದಾರರ ಜಾಗೃತಿ, ಸ್ವಚ್ಛತಾ ಜಾಥಾ. ಈ ಪಟ್ಟಿ ಓದಿ ಏನೂ ತಿಳಿಯುವುದಿಲ್ಲ. ತಿಳಿಯಬೇಕೆಂದರೆ ಶಿಬಿರದ ಸಂಜೆ ಆ ಹಳ್ಳಿಯ ಶಾಲೆಗೆ ಹೋಗಬೇಕು. ಬೆಂಚು ಗೋಡೆಗೆ ಸರಿಸಿ ಜಮಖಾನ ಹಾಸಿರುತ್ತಾರೆ. ಒಂದು ಕಿಟಕಿಯ ಸರಳಿಗೆ ಒಗೆದ ದುಪಟ್ಟಾ, ಇನ್ನೊಂದಕ್ಕೆ ಮೊಬೈಲ್ ಚಾರ್ಜರ್. ಊರ ಹೆಣ್ಮಕ್ಕಳು ಜೋಳದ ರೊಟ್ಟಿ ಬಡಿದು ಬುಟ್ಟಿಯಲ್ಲಿ ತಂದು ಕೊಡುತ್ತಾರೆ, ಜೊತೆಗೆ ಶೇಂಗಾ ಹಿಂಡಿ, ಪುಂಡಿಪಲ್ಯ. ಹಗಲು ಮನೆ ಮನೆ ಸಮೀಕ್ಷೆ ಮುಗಿಸಿ ಬಂದ ಹುಡುಗಿಯರು ನೋಟ್‌ಬುಕ್ಕು ಬಿಚ್ಚಿ ಲೆಕ್ಕ ಹಾಕುತ್ತಾರೆ: ಎಷ್ಟು ಮನೆಯಲ್ಲಿ ಶೌಚಾಲಯವಿದೆ, ಅದರಲ್ಲಿ ಎಷ್ಟು ಬಳಕೆಯಲ್ಲಿವೆ, ಎಷ್ಟರಲ್ಲಿ ಕಟ್ಟಿಗೆ ಕುಳ್ಳು ತುಂಬಿವೆ. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿಯರು ಯಾರು ಯಾರು, ಯಾಕೆ ಬಿಟ್ಟರು. ಈ ಕೊನೆಯ ಪ್ರಶ್ನೆಗೆ ತಾಯಂದಿರು ಅಧಿಕಾರಿಗೆ ಹೇಳದ್ದನ್ನು ಇವರಿಗೆ ಹೇಳುತ್ತಾರೆ. ಕೇಳುವವಳು ತಮ್ಮ ಮಗಳ ವಯಸ್ಸಿನವಳು, ತಮ್ಮದೇ ಭಾಷೆ ಆಡುವವಳು. ನನ್ನ ಮಟ್ಟಿಗೆ ಇಡೀ ವರ್ಷದ ಸಾಧನೆಯಲ್ಲಿ ದೊಡ್ಡದು ಇದೇ.

ಕಲಬುರಗಿ ನೆಲಕ್ಕೆ ಸೇವೆ ಹೊಸದಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹವನ್ನೇ ಬದುಕು ಮಾಡಿಕೊಂಡವರು. ಜೋಳದ ಹೊಲಕ್ಕೆ ಇಳಿದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ಕುಡಿಯಲು ನೀರಿಟ್ಟರು ಎಂಬ ಕತೆ ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಅವರ ಸಂಸ್ಥಾನದ ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರು ಅನ್ನದ ದಾಸೋಹದ ಪಕ್ಕಕ್ಕೆ ಅಕ್ಷರದ ದಾಸೋಹವನ್ನೂ ತಂದರು. ನಿಜಾಮರ ಆಳ್ವಿಕೆ, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನ ಕಾಲ. ಆ 1930ರ ದಶಕದಲ್ಲಿ ಅವರು ತೆರೆದದ್ದು ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ, ಅಕ್ಕಮಹಾದೇವಿಯ ಹೆಸರಿನಲ್ಲಿ. ಗಂಡುಮಕ್ಕಳಿಗೇ ಕನ್ನಡ ಶಾಲೆ ಅಪರೂಪವಾಗಿದ್ದಾಗ ಮೊದಲು ಹೆಣ್ಣುಮಕ್ಕಳ ನೆನಪಾದದ್ದು ಸಣ್ಣ ಮಾತಲ್ಲ. ಇಂದು ಅದೇ ಸಂಸ್ಥಾನದ ಆಶ್ರಯದಲ್ಲಿ ಗೋದುತಾಯಿ ದೊಡ್ಡಪ್ಪ ಅಪ್ಪ ಮಹಿಳಾ ಕಾಲೇಜು ಇದೆ, 2017ರಲ್ಲಿ ಬಂದ ಶರಣಬಸವ ವಿಶ್ವವಿದ್ಯಾಲಯವಿದೆ. ಇದನ್ನೆಲ್ಲ ಬೆಳೆಸಿದ ಎಂಟನೆಯ ಪೀಠಾಧಿಪತಿ ಶರಣಬಸವಪ್ಪ ಅಪ್ಪ ಅವರು 2025ರ ಆಗಸ್ಟ್‌ನಲ್ಲಿ ಲಿಂಗೈಕ್ಯರಾದರು.

ಕಾಲೇಜು ಹುಡುಗಿಯರ ಬಳಗ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ ಸೊರಾರಿಟಿ ಎನ್ನುವ ವಿದ್ಯಾರ್ಥಿನಿಯರ ಸಂಘಗಳನ್ನು ನೋಡಬೇಕು. 1867ರಲ್ಲಿ ಇಲಿನಾಯ್ ರಾಜ್ಯದ ಮನ್‌ಮತ್ ಕಾಲೇಜಿನ 12 ಹುಡುಗಿಯರು ಕಟ್ಟಿಕೊಂಡ ಸಂಘ ಮುಂದೆ ಪೈ ಬೀಟಾ ಫೈ ಆಯಿತು. ಕಾಲೇಜು ಮುಗಿಸಿದರೂ ಸದಸ್ಯೆ ಸದಸ್ಯೆಯೇ ಎಂಬುದು ಇಂಥ ಸಂಘಗಳ ಕಟ್ಟಳೆ. ಆ ಹಳೆಯ ವಿದ್ಯಾರ್ಥಿನಿಯರ ದುಡ್ಡು, ದುಡಿಮೆ ಸೇರಿ 1912ರಲ್ಲಿ ಟೆನೆಸ್ಸಿಯ ಗ್ಯಾಟ್ಲಿನ್‌ಬರ್ಗ್ ಎಂಬ ಬೆಟ್ಟದೂರಿನಲ್ಲಿ ಬಡಮಕ್ಕಳಿಗೆ ಶಾಲೆ ತೆರೆಯಿತು. ಶಾಲೆಯ ಹಿಂದೆಯೇ ಆರೋಗ್ಯ ಕೇಂದ್ರ ಬಂತು, ಬೆಟ್ಟದ ಹೆಂಗಸರು ನೇಯ್ದ ಬಟ್ಟೆಗೆ ಮಾರುಕಟ್ಟೆ ಬಂತು. ಅದೇ ಜಾಗ ಇವತ್ತು ಏರೋಮಾಂಟ್ ಎಂಬ ಹೆಸರಾಂತ ಕರಕುಶಲ ಶಾಲೆ. ಹೊವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು 1913ರಲ್ಲಿ ಕಟ್ಟಿದ ಡೆಲ್ಟಾ ಸಿಗ್ಮಾ ಥೀಟಾ ಮೊದಲ ಬಾರಿ ಬೀದಿಗೆ ಬಂದದ್ದೇ ಮಹಿಳೆಯರ ಮತದಾನದ ಹಕ್ಕಿನ ಮೆರವಣಿಗೆಗೆ. 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗಿಯರೂ ತಮ್ಮದೇ ಸಂಘ ಕಟ್ಟಿಕೊಂಡರು. ಕೆಲವು ಸಂಘಗಳಲ್ಲಿ ಸಿರಿವಂತಿಕೆ, ಬಣ್ಣ ನೋಡಿ ಆರಿಸುವ ಕೆಟ್ಟ ರೂಢಿ ಬಹಳ ಕಾಲ ಇತ್ತು. ಅದನ್ನು ನಾವು ತರುವುದು ಬೇಡ. ತರಬೇಕಾದ್ದು ಹಳಬರನ್ನು ಕೈಬಿಡದ ಆ ಕಟ್ಟಳೆಯನ್ನು.

ನಮ್ಮಲ್ಲಿ ನೂಲು ಹರಿಯುವುದು ಅಲ್ಲೇ. ಶಿಬಿರದಲ್ಲಿ ಒಂದೇ ಜಮಖಾನದ ಮೇಲೆ ಮಲಗಿದವರು ಪದವಿ ಮುಗಿದ ಒಂದೆರಡು ವರ್ಷದಲ್ಲಿ ಚದುರಿಹೋಗುತ್ತಾರೆ. ಲಗ್ನವಾಗುತ್ತದೆ. ಗಡಿ ತಾಲ್ಲೂಕಾದ್ದರಿಂದ ಆಳಂದದ ಹೆಣ್ಣು ಸೊಲ್ಲಾಪುರ, ಅಕ್ಕಲಕೋಟ, ಉಮರ್ಗಾ ಕಡೆಗೂ ಹೋಗುತ್ತಾಳೆ. ಅಡ್ಡಹೆಸರು ಬದಲಾಗುತ್ತದೆ, ಸಿಮ್ ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಫೋನು ಗಂಡನದೇ ಆಗಿರುತ್ತದೆ. ಕಾಲೇಜಿನ ದಾಖಲೆಯಲ್ಲಿ ಅವಳು ತವರಿನ ವಿಳಾಸದಲ್ಲೇ ಉಳಿದುಬಿಡುತ್ತಾಳೆ. ಗಂಡುಹುಡುಗರ ಹಳೆಯ ವಿದ್ಯಾರ್ಥಿ ಸಂಘ ಕಟ್ಟುವುದಕ್ಕೂ ಹೆಣ್ಣುಮಕ್ಕಳದು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಕೊಡುಗೆಯನ್ನೂ ಕೇಳುವುದರಿಂದ ಕಾಲೇಜುಗಳು ಸಂಘವನ್ನೇನೋ ಮಾಡುತ್ತವೆ. ನೋಂದಣಿ ಆಗುತ್ತದೆ, ಸಭೆಯ ಫೋಟೊ ಬರುತ್ತದೆ. ಆದರೆ ಊರಿನಿಂದ ಹೊರಟು ಹೋದವಳನ್ನು ಹುಡುಕಿಕೊಂಡು ಹೋಗುವ ಕೆಲಸ ಹೆಚ್ಚಾಗಿ ಆಗುವುದಿಲ್ಲ.

ಅವಳನ್ನು ಹುಡುಕುವುದರಿಂದ ಲಾಭ ಯಾರಿಗೆ? ಮೊದಲು ಓದುತ್ತಿರುವ ಹುಡುಗಿಗೆ. ಎರಡನೆಯ ವರ್ಷದಲ್ಲಿ ಮನೆಯವರು ಗಂಡು ನೋಡಲು ಶುರುಮಾಡಿದಾಗ, ಪರೀಕ್ಷೆ ಮುಗಿಯಲಿ ಎಂದು ಅಪ್ಪನಿಗೆ ಹೇಳಲು ಪ್ರಾಧ್ಯಾಪಕರ ಮಾತಿಗಿಂತ ಪಕ್ಕದೂರಿನ ಹಳೆಯ ವಿದ್ಯಾರ್ಥಿನಿಯ ಮಾತು ಹೆಚ್ಚು ನಡೆಯುತ್ತದೆ. ಅವಳು ಅಂಗನವಾಡಿಯಲ್ಲಿರಬಹುದು, ಶಾಲೆಯಲ್ಲಿರಬಹುದು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿರಬಹುದು, ಪಂಚಾಯತಿ ಸದಸ್ಯೆಯೂ ಆಗಿರಬಹುದು. ಓದಿದ್ದರಿಂದ ಏನಾಯಿತು ಎಂಬುದಕ್ಕೆ ಅವಳೇ ಉತ್ತರ. ಅವಳಿಗೂ ಲಾಭವಿದೆ. ಗಂಡನ ಊರಿನಲ್ಲಿ ಹೊಸಬಳಾಗಿ ಕೂತಾಗ ಅದೇ ತಾಲ್ಲೂಕಿನಲ್ಲಿ ತನ್ನ ಕಾಲೇಜಿನ ಇನ್ನಿಬ್ಬರು ಇದ್ದಾರೆಂದು ಗೊತ್ತಾದರೆ ಅದು ದೊಡ್ಡ ಆಸರೆ.

ಹಾಗಾಗಿ ಘಟಕಗಳು ಮಾಡಬೇಕಾದ ಮೊದಲ ಕೆಲಸ ಒಂದು ದಪ್ಪ ವಹಿ ಇಡುವುದು. ಅದರಲ್ಲಿ ಪ್ರತಿ ಹೆಸರಿನ ಮುಂದೆ ಎರಡು ವಿಳಾಸ: ತವರೂರು, ಗಂಡನ ಊರು. ಫೋನ್ ಸಂಖ್ಯೆಯೂ ಎರಡು, ಒಂದು ಅವಳದು, ಒಂದು ಅವ್ವನದು. ಅವ್ವನ ಸಂಖ್ಯೆ ಬೇಗ ಬದಲಾಗುವುದಿಲ್ಲ. ವಿವರ ಬರೆಸಲು ಒಪ್ಪಿದವರದನ್ನಷ್ಟೇ ಬರೆಯಬೇಕು, ವಹಿ ಕಾರ್ಯಕ್ರಮಾಧಿಕಾರಿಯ ಕಪಾಟಿನಲ್ಲಿ ಬೀಗದೊಳಗಿರಬೇಕು.

ಎರಡನೆಯದು ಸಮ್ಮೇಳನದ ದಿನ. ಹಳೆಯ ವಿದ್ಯಾರ್ಥಿನಿಯರ ಸಭೆಯನ್ನು ಡಿಸೆಂಬರ್, ಜನವರಿಯಲ್ಲಿ ಇಟ್ಟರೆ ತೊಗರಿ ರಾಶಿ ಬಿಟ್ಟು ಯಾರೂ ಬರಲಾರರು. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ. ನಾಗರ ಪಂಚಮಿಗೆ ಮಾತ್ರ ಈ ಸೀಮೆಯ ಮದುವೆಯಾದ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ಹೋಗಿ ಕರೆದುಕೊಂಡು ಬರುತ್ತಾರೆ. ಸೊಲ್ಲಾಪುರದಲ್ಲಿದ್ದವಳೂ ಅಷ್ಟು ದಿನ ತವರಿನಲ್ಲಿರುತ್ತಾಳೆ, ಕೈಯಲ್ಲಿ ಸ್ವಲ್ಪ ಬಿಡುವಿರುತ್ತದೆ, ಕೇಳುವ ಅತ್ತೆ ಎದುರಿಗಿರುವುದಿಲ್ಲ. ಶ್ರಾವಣದಲ್ಲಿ ಕಲಬುರಗಿಯ ಶರಣಬಸವೇಶ್ವರರ ಗುಡಿಗೆ ಹೋಗಿಬರುತ್ತೇನೆಂದರೆ ಮನೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ, ಗುಡಿಯಿಂದ ಕಾಲೇಜಿಗೆ ಹೆಚ್ಚು ದೂರವೂ ಇಲ್ಲ. ಪಂಚಮಿಯ ಮರುದಿನ ಕಾಲೇಜಿನ ಒಂದು ಕೋಣೆ ತೆರೆದಿಟ್ಟು, ಮಕ್ಕಳನ್ನು ನೋಡಿಕೊಳ್ಳಲು ಈ ವರ್ಷದ ಸ್ವಯಂಸೇವಕಿಯರನ್ನು ನಿಲ್ಲಿಸಿ, ವಹಿಯನ್ನು ಮೇಜಿನ ಮೇಲಿಟ್ಟರೆ ಸಾಕು. ಅವರು ಉಂಡಿಯ ಡಬ್ಬಿ ತಾವೇ ತರುತ್ತಾರೆ.