ಶೈಕ್ಷಣಿಕ ಚಿತ್ರ: ಬೋಧನೆಗೆ ಒಂದು, ಸಂಶೋಧನೆಗೆ ಒಂದು

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮದಲ್ಲಿ ಪ್ರಶಿಕ್ಷಣಾರ್ಥಿಗಳೊಂದಿಗೆ 8 ನಿಮಿಷದ ಒಂದು ಚಿತ್ರ ತಯಾರಿಸಿದ್ದೆ. ಜಲಾಶಯದ ಹಕ್ಕಿಗಳು ಆಹಾರ ಹಿಡಿಯುವ ಬಗೆ ಅದರ ವಿಷಯ. ಅಭ್ಯಾಸ ಪಾಠದಲ್ಲಿ ಅದನ್ನು ತೋರಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು: ‘ನೀರುಕಾಗೆ 4 ಸೆಕೆಂಡು ಮುಳುಗಿರುತ್ತದೆ.’ ಪರದೆ ನೋಡುತ್ತಾ ಎಣಿಸಿದ್ದಳು. ಅವಳ ಎಣಿಕೆ ಸರಿಯಾಗಿತ್ತು, ತಪ್ಪು ನನ್ನದು. ಹಕ್ಕಿ ಮುಳುಗುವ ದೃಶ್ಯ ಒಂದು ದಿನದ್ದು, ಮೀನು ಕಚ್ಚಿಕೊಂಡು ಮೇಲೆ ಬರುವ ದೃಶ್ಯ ಮರುದಿನದ್ದು. ಹಕ್ಕಿ ಅದೇ ಎಂದು ಹೇಳಲೂ ಆಗದು. ನಡುವೆ ಖಾಲಿ ನೀರನ್ನು 4 ಸೆಕೆಂಡು ಇಟ್ಟದ್ದು ನಾನೇ, ನೋಡಲು ಸೊಗಸಾಗಿರಲಿ ಎಂದು.

ಶೈಕ್ಷಣಿಕ ಚಿತ್ರ ಎಂದು ನಾವು ಕರೆಯುವುದರಲ್ಲಿ ಎರಡು ಬಗೆಗಳಿವೆ. ಬೋಧನೆಯ ಚಿತ್ರ ಕಾಲವನ್ನು ಕುಗ್ಗಿಸಬಹುದು, ದೃಶ್ಯಗಳನ್ನು ಜೋಡಿಸಬಹುದು. ಸಂಶೋಧನೆಯ ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ, ಅದು ಅಳತೆಗೆ ಒದಗಬೇಕು. ಜರ್ಮನಿಯ ಗೊಟಿಂಗೆನ್‌ನಲ್ಲಿ 1952ರಲ್ಲಿ ಆರಂಭವಾದ ‘ಎನ್‌ಸೈಕ್ಲೋಪೀಡಿಯಾ ಸಿನೆಮಾಟೋಗ್ರಾಫಿಕಾ’ ಎಂಬ ಚಿತ್ರಸಂಗ್ರಹ ಈ ಎರಡನೆಯ ಬಗೆಗೆ ಸೇರಿದ್ದು. ಒಂದು ಪ್ರಾಣಿ, ಅದರ ಒಂದು ವರ್ತನೆ, ಒಂದು ಚಿಕ್ಕ ಚಿತ್ರ. ಒಂದರ ಪಕ್ಕ ಇನ್ನೊಂದನ್ನಿಟ್ಟು ಹೋಲಿಸಿ ನೋಡುವುದು ಅದರ ಉದ್ದೇಶ.

ನಮ್ಮ ದೇಶದ ವಿಶ್ವವಿದ್ಯಾಲಯಗಳ ಚಿತ್ರನಿರ್ಮಾಣ ಬೆಳೆದದ್ದು ಹೆಚ್ಚಾಗಿ ಮೊದಲನೆಯ ದಾರಿಯಲ್ಲಿ. ಯುಜಿಸಿಯ ‘ದೇಶವ್ಯಾಪಿ ತರಗತಿ’ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಶುರುವಾಯಿತು. ಅಂಥ ಕಾರ್ಯಕ್ರಮಗಳಿಗೆ ನಿರೂಪಣೆ ಬೇಕೇ ಬೇಕು, ಏಕೆಂದರೆ ಮನೆಯಲ್ಲಿ ಟೀವಿ ಮುಂದೆ ಕುಳಿತವನ ಪಕ್ಕದಲ್ಲಿ ಅಧ್ಯಾಪಕರಿಲ್ಲ. ನಾವು ಆ ನಮೂನೆಯನ್ನೇ ತರಗತಿಗೆ ತರುತ್ತೇವೆ, ಅಲ್ಲಿ ಅಧ್ಯಾಪಕರು ನಿಂತೇ ಇರುತ್ತಾರೆ! ನಮ್ಮ ಮೊದಲ ಚಿತ್ರದಲ್ಲಿ ಚಮಚಕೊಕ್ಕಿನ ಹಕ್ಕಿ ಕಾಣುವ ಮುಂಚೆಯೇ ಅದು ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸುತ್ತದೆಂದು ಧ್ವನಿ ಹೇಳಿಬಿಡುತ್ತಿತ್ತು. ಮಕ್ಕಳಿಗೆ ಕಂಡುಹಿಡಿಯಲು ಏನೂ ಉಳಿದಿರಲಿಲ್ಲ.

ಎರಡನೆಯ ಸಲ ಕ್ರಮ ಬದಲಿಸಿದೆವು. ಅರಣ್ಯ ಇಲಾಖೆಯ ಅನುಮತಿ ಪಡೆದು, ಗೂಡುಗಳಿಂದ ದೂರದಲ್ಲೇ ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ನಿಲ್ಲಿಸಿದೆವು. ಪ್ರತಿ ದೃಶ್ಯದ ಆರಂಭದಲ್ಲಿ ದಿನಾಂಕ, ಹೊತ್ತು, ಜಾಗ ಬರೆದ ಚೀಟಿಯನ್ನು ಕ್ಯಾಮರಾಗೆ ತೋರಿಸುವುದು, ಹಕ್ಕಿಯ ಕೆಲಸ ಮುಗಿಯುವವರೆಗೆ ಕ್ಯಾಮರಾ ನಿಲ್ಲಿಸದಿರುವುದು. ಇದಕ್ಕೆ ತಾಳ್ಮೆ ಬೇಕು. ಎಷ್ಟೋ ದೃಶ್ಯಗಳಲ್ಲಿ ಬರೀ ನೀರು ಮತ್ತು ಗಾಳಿಯ ಸದ್ದು. ಮೂಲ ಕಡತವನ್ನು ಕತ್ತರಿಸುವಂತಿಲ್ಲ, ಪಾಠಕ್ಕೆ ಬೇಕಾದ್ದನ್ನು ಪ್ರತಿಯಿಂದ ಮಾಡಿಕೊಳ್ಳಬೇಕು. ಒಂದೇ ಕ್ರಿಯೆಯ ನಡುವೆ ಕತ್ತರಿ ಬಿದ್ದರೆ ಅಲ್ಲಿ ಒಂದು ಕ್ಷಣ ಪರದೆ ಕಪ್ಪಾಗಬೇಕು. ಮಿಂಚುಳ್ಳಿ ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಲ್ಲುವುದನ್ನು ಸೆಕೆಂಡಿಗೆ 120 ಚೌಕಟ್ಟುಗಳಂತೆ ಹಿಡಿದು 30ರಂತೆ ಓಡಿಸಿದೆವು. ನಾಲ್ಕು ಪಟ್ಟು ನಿಧಾನ ಎಂಬುದನ್ನು ಪರದೆಯ ಮೇಲೆಯೇ ಬರೆದೆವು, ಇಲ್ಲದಿದ್ದರೆ ಇನ್ನೊಬ್ಬ ಹುಡುಗಿ ಎಣಿಸಿ ಮೋಸಹೋಗುತ್ತಾಳೆ.

ಹೊಸ ಪಾಠದಲ್ಲಿ ನೀರುಕಾಗೆಯ ಕತ್ತರಿಸದ ದೃಶ್ಯವನ್ನು ಧ್ವನಿಯಿಲ್ಲದೆ ತೋರಿಸಿದೆವು. ಪ್ರಶಿಕ್ಷಣಾರ್ಥಿ ಮೂಲೆಯಲ್ಲಿ ಸುಮ್ಮನೆ ನಿಂತಿದ್ದಳು, ಅವಳಿಗೆ ಅದೇ ಕಷ್ಟದ ಕೆಲಸವಾಗಿತ್ತು. ಒಂದು ಗುಂಪು 14 ಸೆಕೆಂಡು ಎಂದಿತು, ಇನ್ನೊಂದು 16. ಜಗಳ ಹತ್ತಿತು. ತಲೆ ಮುಳುಗಿದಾಗಿನಿಂದ ಎಣಿಸಬೇಕೋ, ಬಾಲ ಮರೆಯಾದಾಗಿನಿಂದಲೋ? ದೃಶ್ಯವನ್ನು ಇನ್ನೊಮ್ಮೆ ಓಡಿಸಿ ಎಂದು ಮಕ್ಕಳೇ ಕೇಳಿದರು. ಆ ಅವಧಿ ಮುಗಿಯುವುದರೊಳಗೆ ಐದು ಸಲ ಓಡಿಸಿದೆವು.