ಇರುಳಿನ ಕಡಲತೀರದಲ್ಲಿ ಲೋಹಶೋಧನೆ

ಇಂಗ್ಲೆಂಡಿನ ಕಡಲತೀರದ ಊರುಗಳಲ್ಲಿ ಬೇಸಗೆಯ ಜನಜಂಗುಳಿ ಕರಗಿ, ತಿಂಡಿಯ ಅಂಗಡಿಗಳು ಬಾಗಿಲೆಳೆದುಕೊಂಡು, ಕತ್ತಲು ಕವಿದ ಮೇಲೆ ಮರಳಿನ ಮೇಲೆ ಒಂದೆರಡು ದೀಪಗಳು ಮೆಲ್ಲಗೆ ಸರಿದಾಡುವುದುಂಟು. ಹಣೆಗೆ ದೀಪ ಕಟ್ಟಿಕೊಂಡ ಆ ಮನುಷ್ಯರ ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಯಲ್ಲಿ ತಟ್ಟೆಯಾಕಾರದ ತಂತಿಸುರುಳಿ, ಕಿವಿಗಳಿಗೆ ಹೆಡ್‌ಫೋನ್. ಕೋಲನ್ನು ಅತ್ತಿಂದಿತ್ತ ಬೀಸುತ್ತ ಹೆಜ್ಜೆಯ ಮೇಲೊಂದು ಹೆಜ್ಜೆಯಿಟ್ಟು ಅವರು ನಡೆಯುತ್ತಾರೆ; ಒಮ್ಮೆಲೆ ನಿಂತು ಬಾಗಿ ಮರಳನ್ನು ತೋಡುತ್ತಾರೆ. ದೂರದಿಂದ ಕಂಡವರಿಗೆ ಅವರು ಕಳ್ಳರೋ ಮರುಳರೋ ಎಂಬ ಶಂಕೆ ಹುಟ್ಟಿದರೆ ಆಶ್ಚರ್ಯವಿಲ್ಲ. ಅವರಲ್ಲಿ ಬಹುಮಂದಿ ಇವೆರಡೂ ಅಲ್ಲ. ಮರಳಿನಡಿ ಹುದುಗಿದ ಲೋಹವನ್ನು ಯಂತ್ರದ ದನಿಯಿಂದ ಗುರುತಿಸಿ ಹೊರತೆಗೆಯುವ ಹವ್ಯಾಸಿಗಳು. ಪಾಶ್ಚಾತ್ಯ ದೇಶಗಳಲ್ಲಿ ಸಾವಿರಾರು ಜನರು ಕೈಗೊಂಡಿರುವ ಈ ಹವ್ಯಾಸದ ಹಿಂದೆ ಭೌತಶಾಸ್ತ್ರವೂ ಇದೆ, ಇತಿಹಾಸವೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯನ ಮನಸ್ಸಾಕ್ಷಿಯ ಒಂದು ಪರೀಕ್ಷೆಯೂ ಇದೆ.

ಇದಕ್ಕೆ ಇರುಳೇ ಏಕೆ ಎಂಬ ಪ್ರಶ್ನೆ ಸಹಜ. ಹಗಲಿನಲ್ಲಿ ಸ್ನಾನಾರ್ಥಿಗಳೂ ಆಟವಾಡುವ ಮಕ್ಕಳೂ ತೀರವನ್ನು ತುಂಬಿರುವುದರಿಂದ ನಿರಾತಂಕವಾಗಿ ಹುಡುಕಲು ಸ್ಥಳ ದೊರೆಯದು. ಇರುಳು ತೀರ ಬರಿದಾಗಿರುತ್ತದೆ. ಗದ್ದಲವಡಗಿ ಯಂತ್ರದ ಅತಿ ಕ್ಷೀಣವಾದ ದನಿಯೂ ಕಿವಿಗೆ ನಿಲುಕುತ್ತದೆ. ಇವುಗಳಿಗಿಂತ ಮುಖ್ಯವಾದ ಕಾರಣ ಕಡಲಿನ ಉಬ್ಬರವಿಳಿತ. ಇಂಗ್ಲೆಂಡಿನ ತೀರದ ಬಹುಭಾಗದಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷಗಳಷ್ಟು ಹಿಂದೆ ಬೀಳುತ್ತ ಹೋಗುತ್ತದೆ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸಂಜೆ ನಾಲ್ಕರ ಸುಮಾರಿಗೇ ಸೂರ್ಯ ಮುಳುಗುವುದರಿಂದ ಅನೇಕ ಇಳಿತಗಳು ಕತ್ತಲಿನಲ್ಲಿಯೇ ಸಂಭವಿಸುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿದು, ಉಳಿದ ದಿನಗಳಲ್ಲಿ ಮುಳುಗಿಯೇ ಇರುವ ಮರಳು ಕೆಲವು ಗಂಟೆಗಳ ಮಟ್ಟಿಗೆ ಬಯಲಾಗುತ್ತದೆ. ಕಡಲು ತೆರೆದ ಆ ಬಾಗಿಲು ಹಗಲಿಗಾಗಿ ಕಾಯುವುದಿಲ್ಲ. ಹುಡುಕುವವನೇ ಅದರ ವೇಳೆಗೆ ಹೊಂದಿಕೊಳ್ಳಬೇಕು.

ಮರಳಿನೊಳಗೆ ಲೋಹ ಸೇರುವ ಬಗೆಯೂ ತಿಳಿಯತಕ್ಕದ್ದು. ತಣ್ಣೀರಿನಲ್ಲಿ ಈಜುವವರ ಬೆರಳು ಕುಗ್ಗಿ ಉಂಗುರ ಸಡಿಲವಾಗುತ್ತದೆ. ಮೈಗೆ ಹಚ್ಚಿಕೊಂಡ ಎಣ್ಣೆ ಅದನ್ನು ಜಾರಿಸುತ್ತದೆ. ಜೇಬಿನ ನಾಣ್ಯ, ಕೊರಳ ಸರ, ಕಿವಿಯೋಲೆ ಇವೂ ಹೀಗೆಯೇ ಕಳೆದುಹೋಗುತ್ತವೆ. ಶುದ್ಧ ಚಿನ್ನ ನೀರಿಗಿಂತ 19.3 ಪಟ್ಟು ಸಾಂದ್ರ. ಮರಳಿನ ಮುಖ್ಯ ಘಟಕವಾದ ಸ್ಫಟಿಕಶಿಲೆ ಸುಮಾರು 2.65 ಪಟ್ಟು ಮಾತ್ರ. ಆದ್ದರಿಂದ ಅಲೆಗಳು ಒದ್ದೆ ಮರಳನ್ನು ಕಲಕಿದಂತೆಲ್ಲ ಮರಳು ಮೇಲೇಳುತ್ತದೆ, ಚಿನ್ನ ಕೆಳಗಿಳಿಯುತ್ತದೆ. ಜೇಡಿಮಣ್ಣಿನದೋ ನೊರಜುಗಲ್ಲಿನದೋ ಗಟ್ಟಿ ಪದರ ಎದುರಾದಾಗ ಅದರ ಇಳಿತ ನಿಲ್ಲುತ್ತದೆ. ಬಿರುಗಾಳಿ ಬೀಸಿ ಮೇಲಿನ ಮರಳನ್ನು ಕೊಚ್ಚಿಕೊಂಡು ಹೋದ ಮರುದಿನ ಆ ಪದರ ಹತ್ತಿರವಾಗುವುದರಿಂದಲೇ ಅನುಭವಿಗಳು ಬಿರುಗಾಳಿಯ ಬೆನ್ನಿಗೆ ತೀರಕ್ಕೆ ಧಾವಿಸುತ್ತಾರೆ.

ಲೋಹಶೋಧಕದ ತತ್ತ್ವವು ಶಾಲಾ ಪಠ್ಯದ ವಿದ್ಯುತ್ಕಾಂತೀಯ ಪ್ರೇರಣೆಯೇ. ಕೋಲಿನ ತುದಿಯ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ ಅದರ ಸುತ್ತ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರ ಮರಳಿನೊಳಕ್ಕೆ ಹೊಕ್ಕು ಅಲ್ಲಿ ಲೋಹದ ತುಣುಕನ್ನು ಮುಟ್ಟಿದರೆ, ಆ ಲೋಹದಲ್ಲಿ ಸುಳಿಯಾಕಾರದ ಪುಟ್ಟ ವಿದ್ಯುತ್ಪ್ರವಾಹಗಳು ಏಳುತ್ತವೆ. ಆ ಪ್ರವಾಹಗಳು ತಮ್ಮದೇ ಆದ ಕ್ಷೀಣ ಕಾಂತಕ್ಷೇತ್ರವನ್ನು ಹಿಂದಕ್ಕೆ ಬೀರುತ್ತವೆ. ಯಂತ್ರದ ಎರಡನೆಯ ಸುರುಳಿ ಈ ಪ್ರತ್ಯುತ್ತರವನ್ನು ಗ್ರಹಿಸಿ ಧ್ವನಿಯಾಗಿ ಮಾರ್ಪಡಿಸುತ್ತದೆ. ಪ್ರತ್ಯುತ್ತರವು ಎಷ್ಟು ತಡವಾಗಿ ಬಂದಿತೆಂಬುದರ ಮೇಲೆ ಕೆಳಗಿರುವುದು ಕಬ್ಬಿಣವೋ ಬೆಳ್ಳಿಯೋ ಎಂಬ ಊಹೆಯನ್ನೂ ಮಾಡಬಹುದು. ಸಾಮಾನ್ಯ ನಾಣ್ಯವೊಂದನ್ನು ಒಂದು ಗೇಣಿನ ಆಳದಲ್ಲಿ ಗುರುತಿಸುವುದು ಇಂದಿನ ಯಂತ್ರಗಳಿಗೆ ಕಷ್ಟವಲ್ಲ.

ಆದರೆ ಕಡಲತೀರದಲ್ಲಿ ಒಂದು ತೊಡಕುಂಟು. ಉಪ್ಪುನೀರು ತಾನೇ ವಿದ್ಯುದ್ವಾಹಕ. ಒದ್ದೆ ಮರಳಿನ ಇಡೀ ಹಾಸೇ ಯಂತ್ರಕ್ಕೆ ಲೋಹದಂತೆ ಉತ್ತರ ಕೊಡತೊಡಗಿದರೆ ಉಂಗುರದ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಒಂದು ಪರಿಹಾರವೆಂದರೆ ಸ್ಪಂದನ ಪದ್ಧತಿ. ಇದರಲ್ಲಿ ವಿದ್ಯುತ್ತನ್ನು ನಿರಂತರವಾಗಿ ಹರಿಸದೆ ಸೆಕೆಂಡಿಗೆ ನೂರಾರು ಬಾರಿ ಚಿಕ್ಕ ಹೊಡೆತಗಳಾಗಿ ಕಳುಹಿಸಿ, ಪ್ರತಿ ಹೊಡೆತದ ತರುವಾಯ ಕೆಲವು ಮೈಕ್ರೋಸೆಕೆಂಡುಗಳಷ್ಟು ತಡೆದು ಆಲಿಸಲಾಗುತ್ತದೆ. ಅಷ್ಟರಲ್ಲಿ ಉಪ್ಪುನೀರಿನ ಸುಳಿಪ್ರವಾಹ ಆರಿಹೋಗಿರುತ್ತದೆ. ಲೋಹದ್ದು ಇನ್ನೂ ಉಳಿದಿರುತ್ತದೆ. ಏಕಕಾಲದಲ್ಲಿ ಹಲವು ಆವರ್ತಾಂಕಗಳನ್ನು ಬಳಸಿ ಉಪ್ಪಿನ ಪ್ರಭಾವವನ್ನು ಕಳೆಯುವ ಯಂತ್ರಗಳೂ ಇವೆ.

ಈ ಉಪಕರಣ ನಿಧಿಯ ಆಸೆಯಿಂದ ಹುಟ್ಟಿದ್ದಲ್ಲ ಎಂಬುದು ಗಮನಾರ್ಹ. ಜೀವ ಉಳಿಸುವ ಹಂಬಲವೇ ಇದರ ತವರು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡರಿಗೆ ಗುಂಡೇಟು ತಗಲಿತು. ದೇಹದೊಳಗೆ ಸೇರಿದ ಗುಂಡನ್ನು ಹುಡುಕಲು ದೂರವಾಣಿಯ ಜನಕರಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಪ್ರೇರಣಾ ತತ್ತ್ವದ ಉಪಕರಣವೊಂದನ್ನು ತರಾತುರಿಯಿಂದ ಸಿದ್ಧಪಡಿಸಿದರು. ರೋಗಿ ಮಲಗಿದ್ದ ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅದರ ದನಿಯನ್ನು ಕೆಡಿಸಿದವು. ವೈದ್ಯರು ಗುಂಡು ದೇಹದ ಬಲಭಾಗದಲ್ಲಿದೆಯೆಂದೇ ನಂಬಿ ಹುಡುಕಾಟವನ್ನು ಅಲ್ಲಿಗೇ ಸೀಮಿತಗೊಳಿಸಿದರು. ಗುಂಡು ಸಿಕ್ಕಲಿಲ್ಲ, ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ತಾಯ್ನಾಡನ್ನು ಕಳೆದುಕೊಂಡು ಬ್ರಿಟನ್ನಿಗೆ ಬಂದಿದ್ದ ಪೋಲೆಂಡಿನ ಸೈನ್ಯಾಧಿಕಾರಿ ಯೂಸೆಫ್ ಕೊಸಾಟ್‌ಸ್ಕಿ, ನೆಲದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಪತ್ತೆಹಚ್ಚಲು ಒಬ್ಬನೇ ಹೊತ್ತು ನಡೆಯಬಹುದಾದ ಶೋಧಕವನ್ನು ರಚಿಸಿದರು. ಪೇಟೆಂಟಿನ ಲಾಭವನ್ನು ಬಯಸದೆ ಅದನ್ನು ಬ್ರಿಟಿಷ್ ಸೈನ್ಯಕ್ಕೆ ಒಪ್ಪಿಸಿದರು. 1942ರ ಎಲ್ ಅಲಮೈನ್ ಯುದ್ಧದಲ್ಲಿ ಇಂಥ 500 ಯಂತ್ರಗಳು ಮರುಭೂಮಿಯಲ್ಲಿ ಸೈನಿಕರಿಗೆ ದಾರಿ ಬಿಡಿಸಿದವು.

ಯುದ್ಧ ಮುಗಿದ ಬಳಿಕ ಸೈನ್ಯದ ಹಳೆಯ ಯಂತ್ರಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ಅಮೆರಿಕದ ಫ್ಲಾರಿಡಾ ತೀರದಲ್ಲಿ ಮನೆ ಕಟ್ಟುವ ಕಸುಬಿನವರಾಗಿದ್ದ ಕಿಪ್ ವ್ಯಾಗ್ನರ್ ಎಂಬವರ ಕೈಗೂ ಒಂದು ಬಂದಿತು. 1715ರ ಜುಲೈ ತಿಂಗಳ ಕೊನೆಯ ಇರುಳಿನಲ್ಲಿ, ಹವಾನಾದಿಂದ ಬೆಳ್ಳಿ ಬಂಗಾರ ಹೊತ್ತು ತಾಯ್ನಾಡಿಗೆ ಹೊರಟಿದ್ದ ಸ್ಪೇನಿನ ಹಡಗುಪಡೆ ಆ ತೀರದಲ್ಲಿ ಚಂಡಮಾರುತಕ್ಕೆ ಸಿಲುಕಿ 11 ಹಡಗುಗಳು ನಾಶವಾಗಿದ್ದವು. ಸುಮಾರು ಸಾವಿರ ಜನರು ಸತ್ತಿದ್ದರು. ಬಿರುಗಾಳಿಯ ತರುವಾಯ ಮರಳಿನಲ್ಲಿ ದೊರೆಯುತ್ತಿದ್ದ ಬೆಳ್ಳಿ ನಾಣ್ಯಗಳಲ್ಲಿ 1715ಕ್ಕಿಂತ ಈಚಿನದು ಒಂದೂ ಇಲ್ಲವೆಂಬುದನ್ನು ವ್ಯಾಗ್ನರ್ ಗಮನಿಸಿದರು. ತಮ್ಮ ಹಳೆಯ ಯಂತ್ರದಿಂದ, ಬದುಕುಳಿದವರು ತೀರದಲ್ಲಿ ಹೂಡಿದ್ದ ಬಿಡಾರದ ನೆಲೆಯನ್ನು ಕಂಡುಹಿಡಿದರು. ಅದರ ಜಾಡು ಹಿಡಿದು ಹಡಗುಗಳ ಅವಶೇಷಗಳನ್ನು ತಲುಪಿದರು. 1960ರ ದಶಕದಲ್ಲಿ ಅವರೂ ಸಂಗಡಿಗರೂ ಫ್ಲಾರಿಡಾ ರಾಜ್ಯದ ಅನುಮತಿ ಪಡೆದು, ಸಿಕ್ಕಿದ್ದರಲ್ಲಿ ರಾಜ್ಯದ ಪಾಲನ್ನು ಒಪ್ಪಿಸುವ ಕರಾರಿನ ಮೇಲೆ ಕೆಲಸ ನಡೆಸಿದರು. ಆ ಕರಾವಳಿಗೆ ‘ನಿಧಿಯ ತೀರ’ವೆಂಬ ಹೆಸರೇ ನಿಂತಿತು. ಇಂಥ ಕಥೆಗಳು ಹವ್ಯಾಸಕ್ಕೆ ಹೊಸ ಹುರುಪನ್ನು ತಂದುವು. ಹುರುಪಿನೊಡನೆ ಲೋಭವನ್ನೂ ತಂದುವು.

ವಾಸ್ತವದಲ್ಲಿ ತೀರ ಕೊಡುವುದು ಹೆಚ್ಚಾಗಿ ಕಸವನ್ನೇ. ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕೊಂಡಿಯೂ ಚಿನ್ನದ ಉಂಗುರವೂ ಯಂತ್ರದಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ದನಿಯನ್ನೆಬ್ಬಿಸುತ್ತವೆ. ಕೊಂಡಿಯನ್ನು ಬಿಟ್ಟುಬಿಡುವೆನೆಂದವನು ಉಂಗುರವನ್ನೂ ಬಿಟ್ಟಂತೆಯೇ. ಆದ್ದರಿಂದ ಪ್ರತಿ ದನಿಗೂ ಬಾಗಿ ತೋಡಲೇಬೇಕು. ತೋಡಿದ ಕಸವನ್ನು ಜೊತೆಗೊಯ್ಯುವುದು, ಗುಂಡಿಯನ್ನು ಮರಳಿ ಮುಚ್ಚುವುದು ಈ ಹವ್ಯಾಸದ ಮೊದಲ ನಿಯಮಗಳು. ಇರುಳಿನಲ್ಲಿ ತೆರೆದು ಬಿಟ್ಟ ಗುಂಡಿ ಬೆಳಗಿನ ಮಗುವಿನ ಕಾಲು ಮುರಿದೀತು. 1940ರಲ್ಲಿ ಜರ್ಮನರ ದಾಳಿಯ ಭಯದಿಂದ ಬ್ರಿಟನ್ನಿನ ಅನೇಕ ತೀರಗಳಲ್ಲಿ ಸಿಡಿಗುಂಡುಗಳನ್ನು ಹೂಳಲಾಗಿತ್ತು; ಯುದ್ಧಕಾಲದ ಸ್ಫೋಟಕಗಳು ಈಗಲೂ ಅಪರೂಪಕ್ಕೆ ಹೊರಬೀಳುವುದರಿಂದ, ಗುರುತು ಸಿಗದ ದಪ್ಪ ಕಬ್ಬಿಣವನ್ನು ಕತ್ತಲಲ್ಲಿ ಮುಟ್ಟಬಾರದೆಂಬ ಎಚ್ಚರವೂ ಅಗತ್ಯ. ಫ್ಲಾರಿಡಾದ ‘ನಿಧಿಯ ತೀರ’ದಲ್ಲಿ ಮಾರ್ಚ್ 1ರಿಂದ ಅಕ್ಟೋಬರ್ 31ರ ವರೆಗೆ ಕಡಲಾಮೆಗಳು ಇರುಳಿನಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಮನುಷ್ಯನ ದೀಪಕ್ಕೆ ಬೆದರಿ ತಾಯಾಮೆ ಹಿಂದಿರುಗುವುದುಂಟು. ಮರಿಗಳು ಕಡಲನ್ನು ಬಿಟ್ಟು ದೀಪದತ್ತ ತೆವಳಿ ಸಾಯುವುದುಂಟು. ಕತ್ತಲು ಬರಿದೆಂದು ತೋರಿದರೂ ಅದು ಇತರ ಜೀವಿಗಳ ಮನೆ.

ಸಿಕ್ಕಿದ ವಸ್ತು ಯಾರದು ಎಂಬುದೇ ಕಡೆಯ ಮತ್ತು ಕಠಿಣವಾದ ಪ್ರಶ್ನೆ. ಇಂಗ್ಲೆಂಡಿನಲ್ಲಿ ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಣ ತೀರದ ಸುಮಾರು ಅರ್ಧಭಾಗ ರಾಜಸಂಸ್ಥೆಯಾದ ಕ್ರೌನ್ ಎಸ್ಟೇಟಿನದು. ಅದು ಷರತ್ತುಗಳೊಡನೆ ಹುಡುಕಾಟಕ್ಕೆ ಅವಕಾಶ ನೀಡಿದೆ. ಉಳಿದೆಡೆ ಒಡೆಯರ ಅನುಮತಿ ಬೇಕು. 1996ರ ನಿಧಿ ಕಾಯಿದೆಯ ಪ್ರಕಾರ ನಿಧಿಯೆನಿಸುವ ಪ್ರಾಚೀನ ವಸ್ತು ದೊರೆತರೆ 14 ದಿನಗಳೊಳಗೆ ಕಾರೊನರ್ ಎಂಬ ಅಧಿಕಾರಿಗೆ ವರದಿ ಮಾಡಬೇಕು. ವಸ್ತುಸಂಗ್ರಹಾಲಯ ಅದನ್ನು ಪಡೆದರೆ ನಿರ್ಧರಿತ ಬೆಲೆ ಬಹುಮಾನವಾಗಿ ದೊರೆಯುತ್ತದೆ. ಒಡೆದ ಹಡಗಿನ ಸಾಮಗ್ರಿಯಾದರೆ ಅದಕ್ಕಾಗಿ ನೇಮಕಗೊಂಡ ಅಧಿಕಾರಿಗೆ 28 ದಿನಗಳೊಳಗೆ ತಿಳಿಸಬೇಕು. ನಿನ್ನೆ ಮೊನ್ನೆ ಕಳೆದ ಮದುವೆಯುಂಗುರ ನಿಧಿಯೇ ಅಲ್ಲ, ಅದು ಕಳೆದುಕೊಂಡವರದೇ. ಒಡೆಯರನ್ನು ಹುಡುಕುವ ತಕ್ಕ ಪ್ರಯತ್ನ ಮಾಡದೆ ಇಟ್ಟುಕೊಂಡರೆ ಕಳವಿನ ಆಪಾದನೆಗೂ ಗುರಿಯಾಗಬೇಕಾದೀತು. ಉಂಗುರ ಕಳೆದುಕೊಂಡವರ ಕರೆಗೆ ಓಗೊಟ್ಟು, ಮುಂದಿನ ಉಬ್ಬರ ಬರುವ ಮುನ್ನ ಇರುಳಲ್ಲೇ ತೀರಕ್ಕೆ ಬಂದು ಹುಡುಕಿಕೊಡುವ ಸ್ವಯಂಸೇವಕರೂ ಈ ಹವ್ಯಾಸಿಗಳಲ್ಲಿದ್ದಾರೆ. 1997ರಲ್ಲಿ ಆರಂಭವಾದ ಪ್ರಾಚೀನ ವಸ್ತುಗಳ ದಾಖಲೆ ಯೋಜನೆಯಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿರುವುದಕ್ಕೆ ಇಂಥ ಪ್ರಾಮಾಣಿಕರೇ ಬಹುಮಟ್ಟಿಗೆ ಕಾರಣ.

ಇದಕ್ಕೆ ವಿರುದ್ಧವಾಗಿ, ಸಂರಕ್ಷಿತ ನೆಲೆಗಳಿಗೆ ಇರುಳಿನಲ್ಲಿ ನುಗ್ಗಿ ದೋಚುವವರೂ ಉಂಟು. ಅವರಿಗೆ ಆಂಗ್ಲರು ‘ಇರುಳ ಗಿಡುಗ’ಗಳೆಂದು ಹೆಸರಿಟ್ಟಿದ್ದಾರೆ. ಕಡಲಿನಿಂದ ದೂರದ ಹೊಲವೊಂದರಲ್ಲಿ ನಡೆದುದಾದರೂ, ಬಚ್ಚಿಟ್ಟ ಶೋಧನೆಯಿಂದ ಆಗುವ ನಷ್ಟವನ್ನು ಹೆರೆಫರ್ಡ್‌ಶೈರ್ ಪ್ರಕರಣ ಚೆನ್ನಾಗಿ ತಿಳಿಸುತ್ತದೆ. 2015ರಲ್ಲಿ ಅಲ್ಲಿ ಇಬ್ಬರು ಹವ್ಯಾಸಿಗಳಿಗೆ ವೈಕಿಂಗರ ಕಾಲದ ಒಡವೆಗಳೂ ಸುಮಾರು 300 ನಾಣ್ಯಗಳೂ ಸಿಕ್ಕಿದವು. ಅವರು ವರದಿ ಮಾಡದೆ ಮಾರತೊಡಗಿದರು; 2019ರಲ್ಲಿ ಕಾರಾಗೃಹವಾಸದ ಶಿಕ್ಷೆಗೆ ಗುರಿಯಾದರು. ಮರಳಿ ದೊರೆತ ನಾಣ್ಯಗಳು ಮೂವತ್ತರ ಆಸುಪಾಸು ಮಾತ್ರ. ಅವುಗಳಲ್ಲಿ ಕೆಲವು, ವೆಸೆಕ್ಸಿನ ಅರಸು ಆಲ್‌ಫ್ರೆಡ್ ಹಾಗೂ ಇತಿಹಾಸ ಕಡೆಗಣಿಸಿದ್ದ ಮರ್ಸಿಯಾದ ಅರಸು ಎರಡನೆಯ ಚೆಯೊಲ್‌ವುಲ್ಫ್ ಇಬ್ಬರೂ ಮಿತ್ರರಾಗಿ ಆಳಿದ್ದರೆಂಬುದಕ್ಕೆ ಸಾಕ್ಷಿಯಾದವು. ಇಷ್ಟು ನುಡಿದದ್ದು ಉಳಿದ ಹತ್ತರಲ್ಲೊಂದು ಪಾಲು; ಮಿಕ್ಕವು ಏನು ನುಡಿಯುತ್ತಿದ್ದುವೋ ಯಾರು ಬಲ್ಲರು? ವಸ್ತುವಿನ ಬೆಲೆಯನ್ನು ಹಣದಿಂದ ತುಂಬಬಹುದು, ಅದು ಹೇಳಬೇಕಿದ್ದ ಮಾತನ್ನು ತುಂಬಲಾಗದು.

ಭಾರತದಲ್ಲಿಯೂ 1878ರಲ್ಲಿಯೇ ನಿಧಿ ಕಾಯಿದೆ ಜಾರಿಗೆ ಬಂದಿತು. ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕಿದರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ಅದು ವಿಧಿಸಿತು. ಆದರೆ ಕಾಯಿದೆ ಕಾಣದ ಎಡೆಯಲ್ಲಿ ಮನುಷ್ಯನನ್ನು ಕಾಯುವುದು ಬೇರೆಯೇ ಒಂದು ಶಕ್ತಿ. ಹನ್ನೆರಡನೆಯ ಶತಮಾನದ ಶರಣರು ಅದನ್ನು ಬಲ್ಲವರಾಗಿದ್ದರು. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದು ಶರಣೆ ಸತ್ಯಕ್ಕ ಆಣೆಯಿಟ್ಟು ನುಡಿದಳು. ಆಯ್ದಕ್ಕಿ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಮರಳಿ ಕಳುಹಿಸಿದಳು. ಆಯುವುದು ತಪ್ಪೆಂದು ಅವಳು ಹೇಳಲಿಲ್ಲ. ಅದು ಅವರ ಕಾಯಕವೇ ಆಗಿತ್ತು. ತನ್ನದಲ್ಲದ್ದು ಮನೆಯೊಳಗೆ ಬರಬಾರದೆಂಬುದಷ್ಟೇ ಅವಳ ಹಟ.

ಇರುಳಿನ ತೀರದಲ್ಲಿ ಬಾಗಿ ನಿಂತವನ ಅಂಗೈಯಲ್ಲಿ ಉಂಗುರವೊಂದು ಮಿನುಗುವಾಗ ಸಾಕ್ಷಿಯಾಗಿ ಯಾರೂ ಇರುವುದಿಲ್ಲ. ಅವನ ಹೆಜ್ಜೆಗುರುತನ್ನೂ ಮುಂದಿನ ಉಬ್ಬರ ಅಳಿಸಿಬಿಡುತ್ತದೆ. ಮರಳಿನಡಿ ಲೋಹವಿದೆಯೆಂದು ಯಂತ್ರ ಹೇಳಬಲ್ಲದು. ಅದು ಯಾರದೆಂದು ಹೇಳಲಾರದು. ಆ ಉತ್ತರವನ್ನು ಹುಡುಕುವವನು ತನ್ನೊಳಗಿನಿಂದಲೇ ಪಡೆಯಬೇಕು. ಬೆಲ್ ಮತ್ತು ಕೊಸಾಟ್‌ಸ್ಕಿಯವರ ಕೈಯಲ್ಲಿ ಪರರ ಜೀವಕ್ಕಾಗಿ ದುಡಿದ ಯಂತ್ರ, ಒಡೆಯರಿಗೆ ಉಂಗುರವನ್ನು ಮರಳಿಸುವವನ ಕೈಯಲ್ಲಿಯೂ ಅದೇ ಘನತೆಯನ್ನು ಉಳಿಸಿಕೊಳ್ಳುತ್ತದೆ.